ಇಂಗ್ಲಿಷಿನಲ್ಲಿ ‘ಎಷ್ಟು ಹೊತ್ತು’, ‘ಯಾವಾಗಿನಿಂದ’, ‘ಯಾವಾಗಿನ ತನಕ’

ಪ್ರಶ್ನೆ: ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈಗ ಕೆಲಸಕ್ಕೆ ದಿನವೂ ಇಂಗ್ಲಿಷ್ ಬೇಕು. ಬೇರೆಲ್ಲ ಹೇಗೋ ನಿಭಾಯಿಸುತ್ತೇನೆ. ಎಷ್ಟು ಕಾಲ, ಎಲ್ಲಿಂದ, ಎಲ್ಲಿಯ ತನಕ ಅನ್ನುವ ಮಾತು ಬಂದರೆ ಎಡವುತ್ತೇನೆ. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂದು ಬರೆದೆ. ತಪ್ಪು ಎಂದರು, ಯಾಕೆಂದು ಹೇಳಲಿಲ್ಲ. ‘ಬೈ ಫ್ರೈಡೇ’, ‘ಅಂಟಿಲ್ ಫ್ರೈಡೇ’ ಎರಡೂ ಒಂದೇನಾ? ‘ಫಾರ್ ಗುಡ್’, ‘ಇನ್ ಎ ಜಿಫಿ’, ‘ಡಾಂಕೀಸ್ ಇಯರ್ಸ್’ ಥರದ ಮಾತುಗಳಿಗೆ ಏನಾದರೂ ಲೆಕ್ಕ ಇದೆಯಾ, ಸುಮ್ನೆ ಹಾಗೆ ಹೇಳುತ್ತಾರಾ? ಬಿಡಿಸಿ ಹೇಳಿ.

ಉತ್ತರ: ನಿಮ್ಮ ವಾಕ್ಯದಿಂದಲೇ ಶುರು ಮಾಡೋಣ. ಅದರಲ್ಲಿ ಎರಡು ತಪ್ಪುಗಳಿವೆ. ಎರಡೂ ಕನ್ನಡದಲ್ಲಿ ಯೋಚಿಸುವವರಿಗೆ ತೀರ ಸಹಜವಾದವು.

ನಾವು ‘ಐದು ವರ್ಷದಿಂದ ಇಲ್ಲಿದ್ದೇನೆ’ ಅನ್ನುತ್ತೇವೆ. ‘2019ರಿಂದ ಇಲ್ಲಿದ್ದೇನೆ’ ಎಂದೂ ಅನ್ನುತ್ತೇವೆ. ಎರಡು ಕಡೆಯೂ ಅದೇ ‘ಇಂದ’. ನಮಗೆ ಅಷ್ಟು ಸಾಕು. ಇಂಗ್ಲಿಷಿಗೆ ಸಾಲದು. ಐದು ವರ್ಷ ಅನ್ನುವುದು ಒಂದು ಅಳತೆ. 2019 ಅನ್ನುವುದು ಶುರುವಾದ ಗುರುತು. ಅಳತೆಗೆ ‘ಫಾರ್’, ಗುರುತಿಗೆ ‘ಸಿನ್ಸ್’. ಎರಡು ಗಂಟೆ, ಮೂರು ತಿಂಗಳು, ಬಹಳ ದಿನ, ಇವೆಲ್ಲ ಅಳತೆ. ಸೋಮವಾರ, ಬೆಳಗ್ಗೆ ಒಂಬತ್ತು, ನಾನು ಕೆಲಸಕ್ಕೆ ಸೇರಿದ ದಿನ, ಇವೆಲ್ಲ ಗುರುತು. ಅನುಮಾನ ಬಂದಾಗ ಒಂದು ಪರೀಕ್ಷೆ ಮಾಡಿ ನೋಡಿ. ಕ್ಯಾಲೆಂಡರ್ ಮೇಲೋ ಗಡಿಯಾರದ ಮೇಲೋ ‘ಇಗೋ, ಇಲ್ಲಿಂದ’ ಎಂದು ಬೆರಳಿಟ್ಟು ತೋರಿಸಲು ಆಗುತ್ತದಾ? ಆದರೆ ‘ಸಿನ್ಸ್’. ‘ಐದು ವರ್ಷ’ದ ಮೇಲೆ ಹಾಗೆ ಬೆರಳಿಡಲು ಬರುವುದಿಲ್ಲ. ಹಾಗಾಗಿ ‘ಫಾರ್’.

ಈ ಪರೀಕ್ಷೆ ಒಂದು ಸಣ್ಣ ಗೊಂದಲವನ್ನೂ ಬಿಡಿಸುತ್ತದೆ. ‘ಸಿನ್ಸ್ ಲಾಸ್ಟ್ ವೀಕ್’ ಸರಿ. ‘ಸಿನ್ಸ್ ಲಾಸ್ಟ್ ಟೂ ವೀಕ್ಸ್’ ತಪ್ಪು. ಎರಡರಲ್ಲೂ ‘ಲಾಸ್ಟ್’ ಇದೆಯಲ್ಲ, ಒಂದು ಸರಿ, ಇನ್ನೊಂದು ಯಾಕೆ ತಪ್ಪು ಎಂದು ಅನಿಸಬಹುದು. ಕಳೆದ ವಾರ ಅನ್ನುವುದು ಕ್ಯಾಲೆಂಡರಿನಲ್ಲಿರುವ ಒಂದು ಜಾಗ. ಕಳೆದ ಎರಡು ವಾರ ಅನ್ನುವುದು ಅಳತೆ. ಅದಕ್ಕೆ ‘ಫಾರ್ ದ ಲಾಸ್ಟ್ ಟೂ ವೀಕ್ಸ್’ ಅನ್ನಬೇಕು.

ಎರಡನೆಯ ತಪ್ಪು ಕ್ರಿಯಾಪದದ್ದು. ‘ಮಾಡುತ್ತಿದ್ದೇನೆ’ ಅನ್ನುವುದನ್ನು ನೀವು ‘ಆಮ್ ವರ್ಕಿಂಗ್’ ಮಾಡಿದ್ದೀರಿ. ಪದಕ್ಕೆ ಪದ ಸರಿಯೇ. ಆದರೆ ‘ಆಮ್ ವರ್ಕಿಂಗ್’ಗೆ ಗೊತ್ತಿರುವುದು ಈ ಹೊತ್ತು ಮಾತ್ರ, ಹಿಂದಿನ ಐದು ವರ್ಷವನ್ನು ಅದು ಹಿಡಿದುಕೊಳ್ಳುವುದಿಲ್ಲ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದನ್ನು ಹೇಳಲು ಇಂಗ್ಲಿಷಿಗೆ ಬೇರೆ ರೂಪವೇ ಬೇಕು: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’. ಜರ್ಮನ್ ಮತ್ತು ಫ್ರೆಂಚ್ ಆಡುವವರೂ ಇಲ್ಲೇ ಎಡವುತ್ತಾರೆ. ಜರ್ಮನಿನ ‘ಝೈಟ್’, ಫ್ರೆಂಚಿನ ‘ದಪ್ವಿ’ ನಮ್ಮ ‘ಇಂದ’ದ ಹಾಗೆ ಅಳತೆಗೂ ಗುರುತಿಗೂ ಎರಡಕ್ಕೂ ಒದಗುತ್ತವೆ, ಜೊತೆಗೆ ಬರುವುದು ವರ್ತಮಾನ ಕಾಲವೇ. ಹಾಗಾಗಿ ಇದು ನಿಮ್ಮ ಓದಿನ ಕೊರತೆ ಅಂತ ಅಂದುಕೊಳ್ಳಬೇಡಿ.

ಕ್ರಿಯಾಪದದ ಈ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇಲ್ಲಿ ತಪ್ಪಿದರೆ ಅರ್ಥವೇ ಬದಲಾಗುತ್ತದೆ. ‘ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’ ಅಂದರೆ ಅಲ್ಲಿನ ಕೆಲಸ ಬಿಟ್ಟಿದ್ದೀರಿ ಎಂದೇ ಕೇಳುವವರು ತಿಳಿಯುತ್ತಾರೆ. ‘ಐ ಹ್ಯಾವ್ ವರ್ಕ್ಡ್ ಹಿಯರ್ ಫಾರ್ ಫೈವ್ ಇಯರ್ಸ್’ ಅಂದರೆ ಇನ್ನೂ ಇದ್ದೀರಿ. ಇಂಟರ್‌ವ್ಯೂನಲ್ಲಿ ಈ ವ್ಯತ್ಯಾಸಕ್ಕೆ ಬೆಲೆ ಇದೆ.

ಇನ್ನೊಂದು ಜೋಡಿ ಇದಕ್ಕಿಂತ ಮೋಸದ್ದು. ಹೊರಗಿನಿಂದ ಬಂದವರನ್ನು ‘ಹೌ ಲಾಂಗ್ ಹ್ಯಾವ್ ಯೂ ಬೀನ್ ಹಿಯರ್?’ ಎಂದು ಕೇಳಿದರೆ, ಬಂದು ಎಷ್ಟು ದಿನವಾಯಿತು ಎಂದರ್ಥ. ‘ಹೌ ಲಾಂಗ್ ಆರ್ ಯೂ ಹಿಯರ್ ಫಾರ್?’ ಎಂದು ಕೇಳಿದರೆ, ಒಟ್ಟು ಎಷ್ಟು ದಿನ ಇರುತ್ತೀರಿ ಎಂದರ್ಥ. ಬಂದು ಮೂರು ದಿನವಾಗಿದೆ, ಇನ್ನೂ ಏಳು ದಿನ ಇರುತ್ತೀರಿ ಎಂದಿಟ್ಟುಕೊಳ್ಳಿ. ಮೊದಲನೆಯ ಪ್ರಶ್ನೆಗೆ ಉತ್ತರ ‘ತ್ರೀ ಡೇಸ್’. ಎರಡನೆಯದಕ್ಕೆ ‘ಟೆನ್ ಡೇಸ್’. ‘ಮೂರು ದಿನದಿಂದ ಇದ್ದೇನೆ’ ಎಂದು ಮನಸ್ಸಿನಲ್ಲಿ ಅಂದುಕೊಂಡು ‘ಐ ಆಮ್ ಹಿಯರ್ ಫಾರ್ ತ್ರೀ ಡೇಸ್’ ಎಂದು ಬಿಟ್ಟರೆ, ಕೇಳಿದವರು ನೀವು ಮೂರೇ ದಿನಕ್ಕೆ ಬಂದವರು ಎಂದುಕೊಳ್ಳುತ್ತಾರೆ. ವಾಕ್ಯದಲ್ಲಿ ವ್ಯಾಕರಣದ ತಪ್ಪೇ ಇಲ್ಲ, ಆದ್ದರಿಂದ ಯಾರೂ ತಿದ್ದುವುದೂ ಇಲ್ಲ.

‘ಡ್ಯೂರಿಂಗ್’ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಅದು ‘ಎಷ್ಟು ಹೊತ್ತು’ ಅನ್ನುವುದಕ್ಕೆ ಉತ್ತರವಲ್ಲ, ‘ಯಾವಾಗ’ ಅನ್ನುವುದಕ್ಕೆ ಉತ್ತರ. ‘ಡ್ಯೂರಿಂಗ್ ದ ಮೀಟಿಂಗ್’ ಸರಿ, ‘ಡ್ಯೂರಿಂಗ್ ತ್ರೀ ಅವರ್ಸ್’ ಸರಿಯಲ್ಲ. ಮೀಟಿಂಗಿನ ಉದ್ದಕ್ಕೂ ಎಂದು ಹೇಳಬೇಕಿದ್ದರೆ ‘ಥ್ರೂಔಟ್ ದ ಮೀಟಿಂಗ್’.

ಈಗ ‘ಬೈ’ ಮತ್ತು ‘ಅಂಟಿಲ್’. ಇವು ಖಂಡಿತ ಒಂದಲ್ಲ. ‘ಅಂಟಿಲ್’ ಅಂದರೆ ‘ತನಕ’. ಒಂದು ಕೆಲಸ ಅಲ್ಲಿಯ ತನಕ ಎಡೆಬಿಡದೆ ನಡೆಯುತ್ತದೆ. ‘ಬೈ’ ಅಂದರೆ ‘ಒಳಗೆ’ ಅಥವಾ ‘ಹೊತ್ತಿಗೆ’. ಆ ಗಡಿ ದಾಟುವ ಮುಂಚೆ ಯಾವಾಗಲೋ ಒಮ್ಮೆ ಆ ಕೆಲಸ ಆದರೆ ಸಾಕು. ‘ಕೀಪ್ ದ ಫೈಲ್ ಅಂಟಿಲ್ ಫ್ರೈಡೇ’ ಅಂದರೆ ಫೈಲು ಶುಕ್ರವಾರದ ತನಕ ನಿಮ್ಮ ಹತ್ತಿರವೇ ಇರಲಿ. ‘ರಿಟರ್ನ್ ದ ಫೈಲ್ ಬೈ ಫ್ರೈಡೇ’ ಅಂದರೆ ಬುಧವಾರ ಕೊಟ್ಟರೂ ಆಯಿತು, ಶುಕ್ರವಾರ ದಾಟಬಾರದು. ಕನ್ನಡದಲ್ಲಿ ‘ತನಕ’, ‘ಒಳಗೆ’ ಎಂದು ನಾವೂ ಬೇರೆ ಮಾಡುತ್ತೇವಲ್ಲ. ಹಾಗಾಗಿ ಬರೆಯುವ ಮುಂಚೆ ಕನ್ನಡದಲ್ಲಿ ಒಮ್ಮೆ ಅಂದುಕೊಂಡರೆ ಇದು ತಪ್ಪುವುದಿಲ್ಲ.

ನಿಜವಾದ ತೊಂದರೆ ಬೇರೆ ಕಡೆ ಇದೆ. ಶುಕ್ರವಾರ ಲೆಕ್ಕಕ್ಕೆ ಸೇರುತ್ತದಾ, ಇಲ್ಲವಾ? ‘ಬೈ ಫ್ರೈಡೇ’ ಅಂದಾಗ ಸಾಮಾನ್ಯವಾಗಿ ಸೇರುತ್ತದೆ. ಶುಕ್ರವಾರ ಸಂಜೆ ಕಚೇರಿ ಮುಚ್ಚುವ ಮುಂಚೆ ಕೊಟ್ಟರೆ ನಡೆಯುತ್ತದೆ. ‘ಬಿಫೋರ್ ಫ್ರೈಡೇ’ ಅಂದರೆ ಗುರುವಾರವೇ ಕೊನೆ. ಆದರೆ ‘ಐ ಆಮ್ ಆನ್ ಲೀವ್ ಅಂಟಿಲ್ ಫ್ರೈಡೇ’ ಎಂದು ಯಾರಾದರೂ ಬರೆದರೆ, ಅವರು ಶುಕ್ರವಾರ ಕೆಲಸಕ್ಕೆ ಬರುತ್ತಾರಾ, ಶುಕ್ರವಾರವೂ ರಜೆಯಾ? ಇಂಗ್ಲಿಷ್ ತಾಯ್ನುಡಿಯವರಿಗೂ ಇದು ಖಚಿತವಿಲ್ಲ. ಅದಕ್ಕೇ ಅಮೆರಿಕದವರು ‘ಥ್ರೂ ಫ್ರೈಡೇ’ ಅನ್ನುತ್ತಾರೆ, ಅಂದರೆ ಶುಕ್ರವಾರವೂ ಸೇರಿ. ‘ಮಂಡೇ ಥ್ರೂ ಫ್ರೈಡೇ’ ಅಂದರೆ ಐದೂ ದಿನ. ಬ್ರಿಟನ್ನಿನವರು ಖಚಿತವಾಗಿ ಹೇಳಬೇಕಾದಾಗ ‘ಅಪ್ ಟು ಅಂಡ್ ಇನ್‌ಕ್ಲೂಡಿಂಗ್ ಫ್ರೈಡೇ’ ಎಂದು ಬರೆಯುತ್ತಾರೆ. ನನ್ನ ಸಲಹೆ ಇನ್ನೂ ಸರಳ. ರಜೆಯ ಮೇಲ್ ಬರೆಯುವಾಗ ರಜೆ ಮುಗಿಯುವ ದಿನ ಬರೆಯಬೇಡಿ, ವಾಪಸ್ ಬರುವ ದಿನ ಬರೆಯಿರಿ: ‘ಐ ವಿಲ್ ಬಿ ಬ್ಯಾಕ್ ಆನ್ ಮಂಡೇ’. ಗಡುವು ಕೊಡುವಾಗ ತಾರೀಖಿನ ಜೊತೆ ಗಂಟೆಯನ್ನೂ ಹಾಕಿ. ಬೇರೆ ದೇಶದವರ ಜೊತೆ ಕೆಲಸ ಮಾಡುವುದಾದರೆ ಯಾವ ಊರಿನ ಗಂಟೆ ಎಂದೂ ಬರೆಯಿರಿ.

ಹಾಗೇ ಒಂದು ಮಾತು: ‘ಟಿಲ್’ ಅನ್ನುವುದು ‘ಅಂಟಿಲ್’ನ ಮೊಟಕು ರೂಪ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ‘ಟಿಲ್’ ಅದಕ್ಕಿಂತ ಹಳೆಯದು. ಧೈರ್ಯವಾಗಿ ಬಳಸಿ.

‘ಇನ್’ ನಮಗೆ ಒಂದು ರೀತಿಯಲ್ಲಿ ಸುಲಭ. ‘ಐದು ನಿಮಿಷದಲ್ಲಿ ಮುಗಿಸಿದೆ’, ‘ಐದು ನಿಮಿಷದಲ್ಲಿ ಬರ್ತೀನಿ’, ಎರಡಕ್ಕೂ ನಾವು ‘ಅಲ್ಲಿ’ ಹಚ್ಚುತ್ತೇವೆ. ಇಂಗ್ಲಿಷೂ ಎರಡಕ್ಕೂ ‘ಇನ್ ಫೈವ್ ಮಿನಿಟ್ಸ್’ ಅನ್ನುತ್ತದೆ. ಆದರೆ ‘ಐದು ನಿಮಿಷ ಬಿಟ್ಟು ಬರ್ತೀನಿ’ ಎಂದು ಯೋಚಿಸಿದಾಗ ‘ಐ ವಿಲ್ ಕಮ್ ಆಫ್ಟರ್ ಫೈವ್ ಮಿನಿಟ್ಸ್’ ಎಂದು ಬಂದುಬಿಡುತ್ತದೆ. ಈಗಿನಿಂದ ಮುಂದಕ್ಕೆ ಎಣಿಸುವಾಗ ಇಂಗ್ಲಿಷಿಗೆ ‘ಇನ್’ ಇಷ್ಟ. ಆಗಿಹೋದ ಕಥೆ ಹೇಳುವಾಗ ‘ಫೈವ್ ಮಿನಿಟ್ಸ್ ಲೇಟರ್’. ಹೆಚ್ಚೆಂದರೆ ಐದು ನಿಮಿಷ, ಅದಕ್ಕಿಂತ ಮುಂಚೆ ಬಂದರೂ ಬಂದೆ ಅನ್ನಲು ‘ವಿದಿನ್ ಫೈವ್ ಮಿನಿಟ್ಸ್’. ಹಿಂದಕ್ಕೆ ಎಣಿಸುವಾಗ ‘ಬಿಫೋರ್ ಟೂ ಡೇಸ್’ ಅನ್ನಬೇಡಿ. ಅದು ‘ಎರಡು ದಿನ ಮುಂಚೆ’ಯ ನೇರ ಅನುವಾದ, ಇಂಗ್ಲಿಷಿನಲ್ಲಿ ನಿಲ್ಲುವುದಿಲ್ಲ. ‘ಟೂ ಡೇಸ್ ಅಗೋ’ ಅನ್ನಿ. ‘ಟೂ ಡೇಸ್ ಬ್ಯಾಕ್’ ಭಾರತದ ಇಂಗ್ಲಿಷಿನಲ್ಲಿ ಚೆನ್ನಾಗಿ ಓಡುತ್ತದೆ. ಆದರೆ ಎಲ್ಲ ಕಡೆಯೂ ಸಲ್ಲುವುದು ‘ಅಗೋ’.

ಇನ್ನೊಂದು ಜೋಡಿ ನೀವು ಕೇಳಿಲ್ಲ, ಆದರೂ ಹೇಳಲೇಬೇಕು: ‘ಟೇಕ್’ ಮತ್ತು ‘ಲಾಸ್ಟ್’. ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದಕ್ಕೆ ‘ಟೇಕ್’. ಒಂದು ವಸ್ತುವೋ ಘಟನೆಯೋ ಎಷ್ಟು ಕಾಲ ಇರುತ್ತದೆ ಅನ್ನುವುದಕ್ಕೆ ‘ಲಾಸ್ಟ್’. ಫೋನ್ ಚಾರ್ಜ್ ಆಗಲು ಒಂದು ಗಂಟೆ ಬೇಕು, ‘ಇಟ್ ಟೇಕ್ಸ್ ಆನ್ ಅವರ್’. ಆ ಚಾರ್ಜ್ ಎರಡು ದಿನ ಬರುತ್ತದೆ, ‘ಇಟ್ ಲಾಸ್ಟ್ಸ್ ಟೂ ಡೇಸ್’. ನಾವು ‘ಬ್ಯಾಟರಿ ಎರಡು ದಿನ ಬರುತ್ತೆ’, ‘ಈ ಶೂ ನಾಲ್ಕು ವರ್ಷ ಬಂತು’ ಅನ್ನುತ್ತೇವಲ್ಲ, ಆ ‘ಬರುವುದು’ ಇಂಗ್ಲಿಷಿನಲ್ಲಿ ‘ಕಮ್’ ಆಗುವುದಿಲ್ಲ. ‘ದ ಬ್ಯಾಟರಿ ಕಮ್ಸ್ ಫಾರ್ ಟೂ ಡೇಸ್’ ಎಂದರೆ ಕೇಳಿದವರಿಗೆ ಏನೂ ಹೊಳೆಯುವುದಿಲ್ಲ. ಇನ್ನು ಈ ‘ಲಾಸ್ಟ್’ಗೂ ‘ಕೊನೆಯ’ ಅನ್ನುವ ‘ಲಾಸ್ಟ್’ಗೂ ಹುಟ್ಟಿನಲ್ಲಿ ಸಂಬಂಧವೇ ಇಲ್ಲ. ಕೊನೆಯ ಅನ್ನುವುದು ‘ಲೇಟ್’ನ ಕುಟುಂಬದ್ದು. ಬಾಳಿಕೆಯ ‘ಲಾಸ್ಟ್’ ಹಳೆಯ ಇಂಗ್ಲಿಷಿನಲ್ಲಿ ಹಿಂಬಾಲಿಸು, ನಡೆಸಿಕೊಂಡು ಹೋಗು ಅನ್ನುವ ಮಾತಾಗಿತ್ತು. ಅದರ ಬುಡದಲ್ಲಿರುವುದು ಹೆಜ್ಜೆಗುರುತು. ಶೂ ಹೊಲಿಯುವವರು ಬಳಸುವ ಪಾದದ ಅಚ್ಚನ್ನೂ ಇಂಗ್ಲಿಷಿನಲ್ಲಿ ‘ಲಾಸ್ಟ್’ ಅನ್ನುತ್ತಾರೆ. ಅದೂ ಇದೇ ಬುಡದ್ದು.

ವ್ಯಾಕರಣದ ಎರಡು ಸಣ್ಣ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಕಾಲದ ಅಳತೆ ಎಷ್ಟೇ ದೊಡ್ಡದಿರಲಿ, ಅದನ್ನು ಒಂದೇ ಗಂಟು ಎಂದು ಎಣಿಸುವಾಗ ಏಕವಚನ: ‘ಟೆನ್ ಇಯರ್ಸ್ ಈಸ್ ಎ ಲಾಂಗ್ ಟೈಮ್’. ಅಳತೆಯನ್ನು ನಾಮಪದದ ಮುಂದೆ ವಿಶೇಷಣವಾಗಿ ಕೂರಿಸಿದಾಗ ಕೊನೆಯ ‘ಸ್’ ಹೋಗುತ್ತದೆ: ‘ಎ ತ್ರೀ-ವೀಕ್ ಕೋರ್ಸ್’. ರೆಸ್ಯೂಮೆಗಳಲ್ಲಿ ‘ತ್ರೀ-ಇಯರ್ಸ್ ಕೋರ್ಸ್’ ಮತ್ತೆ ಮತ್ತೆ ಕಾಣುತ್ತದೆ.

ಈಗ ನುಡಿಗಟ್ಟುಗಳಿಗೆ ಬರೋಣ. ಇವುಗಳಲ್ಲಿ ಎರಡು ಜಾತಿ. ಕೆಲವು ಲೆಕ್ಕಕ್ಕೆ ಬರುತ್ತವೆ, ಅವುಗಳನ್ನು ನಂಬಿ ಕೆಲಸ ಮಾಡಬೇಕಾಗುತ್ತದೆ. ಕೆಲವು ಮಾತಿನ ಬಣ್ಣ ಮಾತ್ರ. ನಿಮಗೆ ತುರ್ತಾಗಿ ಬೇಕಾಗಿರುವುದು ಮೊದಲನೆಯ ಜಾತಿ.

‘ಎ ಗುಡ್ ಅವರ್’ ಅಂದರೆ ಒಳ್ಳೆಯ ಗಂಟೆಯಲ್ಲ, ಭರ್ತಿ ಒಂದು ಗಂಟೆ. ಅದಕ್ಕಿಂತ ಜಾಸ್ತಿ ಆದೀತು, ಕಡಿಮೆ ಆಗದು. ‘ದ ಬೆಟರ್ ಪಾರ್ಟ್ ಆಫ್ ಎ ಡೇ’ ಅಂದರೆ ದಿನದ ಚೆಂದದ ಭಾಗವಲ್ಲ, ದಿನದ ಹೆಚ್ಚು ಪಾಲು. ಬ್ರಿಟನ್ನಿನಲ್ಲಿ ಇದನ್ನೇ ‘ದ ಬೆಸ್ಟ್ ಪಾರ್ಟ್ ಆಫ್ ಎ ಡೇ’ ಎಂದೂ ಅನ್ನುತ್ತಾರೆ. ಇವೆರಡರ ನಡುವಿನ ವ್ಯತ್ಯಾಸ ಗಮನಿಸಿ. ‘ಗುಡ್ ಅವರ್’ ಒಂದು ಗಂಟೆಯನ್ನು ದಾಟಬಹುದು. ‘ಬೆಟರ್ ಪಾರ್ಟ್ ಆಫ್ ಆನ್ ಅವರ್’ ಒಂದು ಗಂಟೆಯನ್ನು ಮುಟ್ಟುವುದಿಲ್ಲ. ರಿಪೇರಿಯವರು ಇವುಗಳಲ್ಲಿ ಯಾವುದನ್ನು ಹೇಳಿದರು ಅನ್ನುವುದರ ಮೇಲೆ ನಿಮ್ಮ ಮುಂದಿನ ಕೆಲಸದ ಹೊತ್ತು ನಿಲ್ಲುತ್ತದೆ.

‘ಫಾರ್ ಗುಡ್’ ಕೂಡ ಇದೇ ಥರ ದಾರಿ ತಪ್ಪಿಸುತ್ತದೆ. ‘ಶಿ ಹ್ಯಾಸ್ ಲೆಫ್ಟ್ ಫಾರ್ ಗುಡ್’ ಎಂದರೆ ‘ಒಳ್ಳೆಯದಕ್ಕೇ ಹೋದಳು’ ಎಂದಲ್ಲ. ಇನ್ನು ವಾಪಸ್ ಬರುವುದಿಲ್ಲ, ಹೋದದ್ದು ಶಾಶ್ವತವಾಗಿ ಎಂದರ್ಥ. ಮೊದಲು ‘ಫಾರ್ ಗುಡ್ ಅಂಡ್ ಆಲ್’ ಎಂದಿತ್ತು, ಆಮೇಲೆ ಬಾಲ ಉದುರಿತು. ಸಂತೋಷವೋ ದುಃಖವೋ ಅದರಲ್ಲಿ ಇಲ್ಲ. ಅಂಗಡಿ ಮುಚ್ಚಿದರೂ ‘ಕ್ಲೋಸ್ಡ್ ಫಾರ್ ಗುಡ್’ ಎಂದು ಬರೆಯುತ್ತಾರೆ. ಇದಕ್ಕೆ ಎದುರಿನದು ‘ಫಾರ್ ದ ಟೈಮ್ ಬೀಯಿಂಗ್’, ಸದ್ಯಕ್ಕೆ.

‘ಇನ್‌ಡೆಫಿನಿಟ್ಲಿ’ ಅಂದರೆ ಎಂದೆಂದಿಗೂ ಎಂದಲ್ಲ. ಕೊನೆ ಯಾವಾಗ ಎಂದು ಗೊತ್ತು ಮಾಡಿಲ್ಲ ಎಂದಷ್ಟೇ. ನಮ್ಮ ಪತ್ರಿಕೆಗಳ ‘ಅನಿರ್ದಿಷ್ಟಾವಧಿ’ ಇದಕ್ಕೆ ಸರಿಯಾಗಿ ಕೂರುತ್ತದೆ. ಮುಷ್ಕರ ನಾಳೆಯೇ ಮುಗಿದರೂ ಅದು ಅನಿರ್ದಿಷ್ಟಾವಧಿ ಮುಷ್ಕರವೇ. ಶಾಸನಸಭೆಗಳ ವರದಿಯಲ್ಲಿ ಬರುವ ‘ಸೈನಿ ಡೈ’ ಲ್ಯಾಟಿನ್ನಿನದು. ದಿನ ಗೊತ್ತು ಮಾಡದೆ ಎಂದು ಅದರ ಅರ್ಥ.

ಬ್ರಿಟನ್ನಿಗೂ ಅಮೆರಿಕಕ್ಕೂ ಜಗಳ ಹಚ್ಚುವ ಪದಗಳೂ ಇವೆ. ‘ಮೊಮೆಂಟರಿಲಿ’ ಎಂದರೆ ಬ್ರಿಟನ್ನಿನಲ್ಲಿ ಒಂದು ಗಳಿಗೆಯ ಮಟ್ಟಿಗೆ. ಅಮೆರಿಕದಲ್ಲಿ ಇನ್ನೊಂದು ಗಳಿಗೆಯಲ್ಲಿ ಎಂದೂ ಆಗುತ್ತದೆ. ‘ದ ಪ್ಲೇನ್ ವಿಲ್ ಲ್ಯಾಂಡ್ ಮೊಮೆಂಟರಿಲಿ’ ಎಂದು ಅಮೆರಿಕದ ವಿಮಾನದಲ್ಲಿ ಹೇಳಿದರೆ ಇನ್ನೇನು ಇಳಿಯುತ್ತದೆ ಎಂದರ್ಥ. ಹಳೆಯ ಬ್ರಿಟಿಷ್ ಕಿವಿಗೆ ಅದು ಇಳಿದು ಮರುಗಳಿಗೆ ಮತ್ತೆ ಹಾರುವ ಹಾಗೆ ಕೇಳಿಸುತ್ತದೆ. ‘ಪ್ರೆಸೆಂಟ್ಲಿ’ ಬ್ರಿಟನ್ನಿನ ಹಳೆಯ ಬಳಕೆಯಲ್ಲಿ ಸ್ವಲ್ಪ ಹೊತ್ತಿನಲ್ಲಿ, ಅಮೆರಿಕದಲ್ಲಿ ಈಗ. ದಕ್ಷಿಣ ಆಫ್ರಿಕಾದಲ್ಲಿ ‘ಜಸ್ಟ್ ನೌ’ ಅಂದರೆ ಈಗ ತಾನೇ ಎಂದಲ್ಲ, ಆಮೇಲೆ ಯಾವಾಗಲಾದರೂ. ಅಲ್ಲಿನವರು ‘ಐ ವಿಲ್ ಕಾಲ್ ಯೂ ಜಸ್ಟ್ ನೌ’ ಎಂದರೆ ಫೋನ್ ಹಿಡಿದು ಕಾಯಬೇಡಿ.

‘ಬೈವೀಕ್ಲಿ’, ‘ಬೈಮಂತ್ಲಿ’ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. ಅವನ್ನು ಬಳಸಲೇಬೇಡಿ. ವಾರಕ್ಕೆ ಎರಡು ಸಲವೋ, ಎರಡು ವಾರಕ್ಕೊಮ್ಮೆಯೋ, ನಿಘಂಟುಗಳೇ ಎರಡೂ ಅರ್ಥ ಕೊಡುತ್ತವೆ. ಸಂಬಳದ ದಿನ, ಮೀಟಿಂಗಿನ ದಿನ ಇಂಥ ಪದದ ಮೇಲೆ ನಿಲ್ಲಬಾರದು. ‘ಟ್ವೈಸ್ ಎ ವೀಕ್’ ಅಥವಾ ‘ಎವ್ರಿ ಟೂ ವೀಕ್ಸ್’ ಎಂದು ಬಿಡಿಸಿ ಬರೆಯಿರಿ. ಬ್ರಿಟನ್ನಿನಲ್ಲೂ ನಮ್ಮಲ್ಲೂ ‘ಫೋರ್ಟ್‌ನೈಟ್’ ನಡೆಯುತ್ತದೆ. ಅದು ಹಳೆಯ ಇಂಗ್ಲಿಷಿನ ‘ಹದಿನಾಲ್ಕು ರಾತ್ರಿ’ ಕೂಡಿಕೊಂಡ ಪದ. ಹಿಂದೆ ಏಳು ರಾತ್ರಿಗೆ ‘ಸೆನಿಟ್’ ಎಂಬ ಪದವೂ ಇತ್ತು, ಅದು ಬಳಕೆಯಿಂದ ಹೋಯಿತು. ಅಮೆರಿಕದವರಿಗೆ ‘ಫೋರ್ಟ್‌ನೈಟ್’ ಅಷ್ಟು ಒಗ್ಗಿಲ್ಲ, ಅವರಿಗೆ ‘ಟೂ ವೀಕ್ಸ್’ ಎಂದೇ ಹೇಳಿ.

‘ಅಟ್ ದ ಇಲೆವೆಂತ್ ಅವರ್’ ಅಂದರೆ ಹನ್ನೊಂದು ಗಂಟೆಗೆ ಎಂದಲ್ಲ, ಕಟ್ಟಕಡೆಯ ಗಳಿಗೆಯಲ್ಲಿ. ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ ದ್ರಾಕ್ಷಿತೋಟದ ಕೂಲಿಯವರ ಸಾಮತಿ, ಅಂದರೆ ದೃಷ್ಟಾಂತ ಕಥೆ, ಇದೆ. ಕೆಲವರನ್ನು ಬೆಳಗ್ಗೆಯೇ ಕೆಲಸಕ್ಕೆ ಕರೆಯುತ್ತಾರೆ, ಕೆಲವರನ್ನು ಹನ್ನೊಂದನೆಯ ತಾಸಿಗೆ. ಆಗ ಹಗಲಿಗೆ ಹನ್ನೆರಡು ತಾಸು, ಎಣಿಕೆ ಸೂರ್ಯೋದಯದಿಂದ. ಹಾಗಾಗಿ ಹನ್ನೊಂದನೆಯ ತಾಸು ಅಂದರೆ ಸಂಜೆ ಐದರ ಸುಮಾರು, ಕೆಲಸ ಮುಗಿಯಲು ಇನ್ನೊಂದೇ ತಾಸು.

ಇನ್ನು ಬಣ್ಣದ ಮಾತುಗಳು. ನೀವು ಕೇಳಿದ ‘ಜಿಫಿ’ಗೆ ಮಾತಿನಲ್ಲಿ ಯಾವ ಲೆಕ್ಕವೂ ಇಲ್ಲ. ನಮ್ಮ ‘ಚಿಟಿಕೆ ಹೊಡೆಯುವಷ್ಟರಲ್ಲಿ’ ಇದ್ದ ಹಾಗೆ. 18ನೇ ಶತಮಾನದ ಕೊನೆಯಿಂದ ಬರವಣಿಗೆಯಲ್ಲಿ ಸಿಗುತ್ತದೆ, ಎಲ್ಲಿಂದ ಬಂತೆಂದು ಖಚಿತವಿಲ್ಲ. ಆದರೆ ವಿಜ್ಞಾನಿಗಳು ಇಂಥ ಮಾತುಗಳನ್ನು ಎತ್ತಿಕೊಂಡು ಅಳತೆ ಕೊಟ್ಟಿದ್ದಾರೆ. ಅದು ನನಗೆ ಬಹಳ ಇಷ್ಟವಾದ ಸಂಗತಿ. ಅಮೆರಿಕದ ರಸಾಯನ ವಿಜ್ಞಾನಿ ಗಿಲ್ಬರ್ಟ್ ನ್ಯೂಟನ್ ಲೂಯಿಸ್, ಬೆಳಕು ನಿರ್ವಾತದಲ್ಲಿ ಒಂದು ಸೆಂಟಿಮೀಟರ್ ಹೋಗಲು ಬೇಕಾದ ಹೊತ್ತಿಗೆ ‘ಜಿಫಿ’ ಎಂದು ಹೆಸರಿಡೋಣ ಎಂದರು. ಅದು ಸುಮಾರು 33.4 ಪಿಕೊಸೆಕೆಂಡ್ (ಪಿಕೊಸೆಕೆಂಡ್ ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು). ಕಂಪ್ಯೂಟರಿನ ಲಿನಕ್ಸ್ ವ್ಯವಸ್ಥೆ ಗೊತ್ತಿರುವವರಿಗೆ ಅದರ ಒಳಗಿನ ಗಡಿಯಾರದ ಎಣಿಕೆಗೂ ‘ಜಿಫೀಸ್’ ಎಂದೇ ಹೆಸರಿರುವುದು ಗೊತ್ತು. ‘ಇನ್ ಟೂ ಶೇಕ್ಸ್ ಆಫ್ ಎ ಲ್ಯಾಂಬ್ಸ್ ಟೇಲ್’ ಎಂದರೆ ಕುರಿಮರಿ ಬಾಲವನ್ನು ಎರಡು ಸಲ ಅಲ್ಲಾಡಿಸುವಷ್ಟರಲ್ಲಿ. ಮೊದಲ ಅಣುಬಾಂಬ್ ತಯಾರಿಸಿದ ಮ್ಯಾನ್‌ಹಟನ್ ಯೋಜನೆಯವರು ಆ ‘ಶೇಕ್’ ಅನ್ನೇ ತೆಗೆದುಕೊಂಡು 10 ನ್ಯಾನೊಸೆಕೆಂಡಿಗೆ ಹೆಸರಾಗಿಟ್ಟರು (ನ್ಯಾನೊಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು). ಅಣುಗಳ ಸರಪಳಿ ಕ್ರಿಯೆಯ ಒಂದೊಂದು ಹಂತವೂ ಅಷ್ಟು ಚುರುಕು.

‘ಮೊಮೆಂಟ್’ನದು ಉಲ್ಟಾ ಕಥೆ. ಅದಕ್ಕೆ ಹಿಂದೆ ಅಳತೆ ಇತ್ತು, ಈಗ ಇಲ್ಲ. ಮಧ್ಯಯುಗದ ಯುರೋಪಿನಲ್ಲಿ ಒಂದು ಗಂಟೆಗೆ 40 ಮೊಮೆಂಟ್. ಈಗಿನ ಲೆಕ್ಕದಲ್ಲಿ ಸುಮಾರು 90 ಸೆಕೆಂಡ್. ಸುಮಾರು ಯಾಕೆಂದರೆ, ಆಗಿನ ಗಂಟೆ ಹಗಲಿನ ಹನ್ನೆರಡನೆಯ ಒಂದು ಪಾಲು. ಬೇಸಿಗೆಯಲ್ಲಿ ಹಿಗ್ಗುತ್ತಿತ್ತು, ಚಳಿಗಾಲದಲ್ಲಿ ಕುಗ್ಗುತ್ತಿತ್ತು.

ಉದ್ದದ ಕಡೆಗೆ ಬಂದರೆ ‘ಡಾಂಕೀಸ್ ಇಯರ್ಸ್’, ಅಂದರೆ ಬಹಳ ವರ್ಷಗಳ ಕಾಲ. ಕತ್ತೆಗೂ ವರ್ಷಕ್ಕೂ ಏನು ಸಂಬಂಧ? ಮೊದಲು ಇದು 20ನೇ ಶತಮಾನದ ಶುರುವಿನಲ್ಲಿ ‘ಡಾಂಕೀಸ್ ಇಯರ್ಸ್’, ಅಂದರೆ ಕತ್ತೆಯ ಕಿವಿಗಳು ಎಂದೇ ಇತ್ತು. ಕಿವಿಗೂ ವರ್ಷಕ್ಕೂ ಇಂಗ್ಲಿಷಿನಲ್ಲಿ ಸದ್ದು ಹತ್ತಿರ, ಜೊತೆಗೆ ಕತ್ತೆಯ ಕಿವಿ ಉದ್ದ. ಹಾಗೆ ಕಿವಿ ಹೋಗಿ ವರ್ಷ ಬಂತು. ಇದು ಬ್ರಿಟನ್ನಿನ ಆಡುಮಾತು, ಸ್ನೇಹಿತರ ಜೊತೆ ಸರಿ, ಕಚೇರಿಯ ಪತ್ರಕ್ಕಲ್ಲ. ‘ಎ ಮಂತ್ ಆಫ್ ಸಂಡೇಸ್’ ಅಂದರೆ ತಿಂಗಳ ತುಂಬ ಭಾನುವಾರ. 30 ಭಾನುವಾರ ಬರಲು ಆರು ತಿಂಗಳಿಗೂ ಮಿಕ್ಕು ಬೇಕಲ್ಲ, ಅಷ್ಟು ದೀರ್ಘ ಕಾಲ ಎಂಬ ಭಾವ. ‘ಟಿಲ್ ದ ಕೌಸ್ ಕಮ್ ಹೋಮ್’ ನಾಲ್ಕು ಶತಮಾನದಿಂದ ಇದೆ. ಹಸುಗಳಿಗೆ ಮನೆಗೆ ಹೋಗುವ ಅವಸರವೇ ಇರುವುದಿಲ್ಲ ಅನ್ನುವುದು ಅದರ ಒಳಗಿನ ಮಾತು. ಇದನ್ನು ಹೆಚ್ಚಾಗಿ ಬಳಸುವುದು ಫಲವಿಲ್ಲದ ಕೆಲಸಕ್ಕೆ: ಬೇಕಾದಷ್ಟು ಹೊತ್ತು ವಾದ ಮಾಡು, ಏನೂ ಬದಲಾಗುವುದಿಲ್ಲ. ಹಾಗಾಗಿ ‘ಐ ವಿಲ್ ವರ್ಕ್ ಟಿಲ್ ದ ಕೌಸ್ ಕಮ್ ಹೋಮ್’ ಎಂದು ನಿಮ್ಮ ಶ್ರದ್ಧೆ ತೋರಿಸಲು ಹೋಗಬೇಡಿ, ಕೇಳಿದವರಿಗೆ ಬೇರೆಯೇ ಅನಿಸೀತು.

‘ಫ್ರಮ್ ಟೈಮ್ ಇಮ್ಮೆಮೋರಿಯಲ್’ ಎಂದರೆ ಯಾರ ನೆನಪಿಗೂ ಎಟುಕದಷ್ಟು ಹಿಂದಿನಿಂದ. ಇದು ಸುಮ್ನೆ ಹೇಳುವ ಮಾತು ಎಂದು ತೋರುತ್ತದೆ. ಆದರೆ ಇಂಗ್ಲೆಂಡಿನ ಕಾನೂನಿನಲ್ಲಿ ಇದಕ್ಕೆ ಇಸವಿಯೇ ಇದೆ. 1275ರಲ್ಲಿ ವೆಸ್ಟ್‌ಮಿನ್‌ಸ್ಟರ್ ಶಾಸನ ಬಂದಾಗ, ಜಮೀನಿನ ಹಕ್ಕಿನ ದಾವೆಯಲ್ಲಿ ಎಷ್ಟು ಹಿಂದಿನ ತನಕ ಸಾಕ್ಷ್ಯ ಕೇಳಬಹುದು ಅನ್ನುವುದಕ್ಕೆ ಒಂದು ಗೆರೆ ಎಳೆದರು. ಆ ಗೆರೆ ಮೊದಲನೆಯ ರಿಚರ್ಡ್ ದೊರೆಯಾದ 1189. ಅದಕ್ಕಿಂತ ಹಿಂದಿನದೆಲ್ಲ ನೆನಪಿನ ಆಚೆಗಿನ ಕಾಲ. ಮುಂದಕ್ಕೆ ಕೊನೆಯಿಲ್ಲದ ಕಾಲಕ್ಕೆ ನಮ್ಮ ದಾನಶಾಸನಗಳಲ್ಲಿ ‘ಆಚಂದ್ರಾರ್ಕ’ ಎಂದು ಕೆತ್ತಿಸುತ್ತಿದ್ದರು, ಸೂರ್ಯ ಚಂದ್ರರು ಇರುವ ತನಕ ಎಂದು. ಇಂಗ್ಲಿಷಿನಲ್ಲಿ ಆ ಜಾಗದಲ್ಲಿ ‘ಫಾರೆವರ್ ಅಂಡ್ ಎ ಡೇ’ ಇದೆ. ಎಂದೆಂದಿಗೂ, ಅದರ ಮೇಲೆ ಇನ್ನೊಂದು ದಿನ. ಷೇಕ್ಸ್‌ಪಿಯರ್‌ನ ಪ್ರೇಮಿಯೊಬ್ಬ ಎಷ್ಟು ಕಾಲ ಎಂದು ಕೇಳಿದಾಗ ಕೊಡುವ ಉತ್ತರವೂ ಅದೇ.

ಬೇಗ ಮುಗಿದುಹೋಗುವುದಕ್ಕೆ ‘ಎ ಫ್ಲ್ಯಾಶ್ ಇನ್ ದ ಪ್ಯಾನ್’. ಪ್ಯಾನ್ ಎಂದ ಕೂಡಲೇ ಅಡುಗೆಮನೆ ನೆನಪಾಗುತ್ತದೆ, ಆದರೆ ಇದು ಹಳೆಯ ಕೋವಿಯ ಭಾಗ. ಚಕಮಕಿ ಕಲ್ಲಿನ ಕೋವಿಯಲ್ಲಿ ನಳಿಗೆಯ ಪಕ್ಕಕ್ಕೆ ಒಂದು ಪುಟ್ಟ ಬಟ್ಟಲಿರುತ್ತಿತ್ತು. ಅದರಲ್ಲಿ ಚಿಟಿಕೆ ಮದ್ದು. ಕೋವಿಯ ಕುದುರೆ (ಟ್ರಿಗರ್) ಎಳೆದಾಗ ಕಿಡಿ ಆ ಮದ್ದಿಗೆ ಬೀಳಬೇಕು, ಅಲ್ಲಿಂದ ಸಣ್ಣ ತೂತಿನ ಮೂಲಕ ಬೆಂಕಿ ನಳಿಗೆಯೊಳಗಿನ ಮದ್ದಿಗೆ ಹೋಗಬೇಕು, ಆಗ ಗುಂಡು ಹಾರುತ್ತದೆ. ಕೆಲವೊಮ್ಮೆ ತೂತು ಕಟ್ಟಿರುತ್ತಿತ್ತು, ಇಲ್ಲವೇ ಮದ್ದು ಒದ್ದೆಯಾಗಿರುತ್ತಿತ್ತು. ಬಟ್ಟಲಿನಲ್ಲಿ ಭಗ್ ಎಂದು ಉರಿದು ಹೊಗೆ ಎದ್ದು ಅಲ್ಲಿಗೇ ಮುಗಿಯುತ್ತಿತ್ತು. ಹಾಗಾಗಿ ಇದನ್ನು ಬೇಗ ಮುಗಿದ ಎಲ್ಲಕ್ಕೂ ಹೇಳುವಂತಿಲ್ಲ. ಶುರುವಿನಲ್ಲಿ ಆಸೆ ಹುಟ್ಟಿಸಿ ಮುಂದೆ ಏನೂ ಆಗದ್ದಕ್ಕೆ ಮಾತ್ರ. ಊರೆಲ್ಲ ಮಾತಾಡಿ ಮರೆತುಬಿಡುವಂಥದ್ದಕ್ಕೆ ‘ಎ ನೈನ್ ಡೇಸ್ ವಂಡರ್’ ಇದೆ. 1600ರಲ್ಲಿ ವಿಲ್ ಕೆಂಪ್ ಎಂಬ ಹಾಸ್ಯನಟ ಲಂಡನ್ನಿನಿಂದ ನಾರಿಚ್ ತನಕ ಕುಣಿಯುತ್ತಲೇ ಹೋದ. ನಡುನಡುವೆ ದಣಿವಾರಿಸಿಕೊಂಡು, ಕುಣಿದದ್ದು ಒಟ್ಟು ಒಂಬತ್ತು ದಿನ. ಈ ಮಾತು ಅವನಿಂದಲೇ ಹುಟ್ಟಿತು ಅನಿಸಬಹುದು, ಹಾಗಲ್ಲ. ಅವನಿಗಿಂತ ಇನ್ನೂರು ವರ್ಷ ಹಿಂದೆ ಕವಿ ಚಾಸರ್ ಬರೆದದ್ದರಲ್ಲೇ ಅಚ್ಚರಿ ಒಂಬತ್ತು ರಾತ್ರಿ ಮಾತ್ರ ಬಾಳುತ್ತದೆ ಎಂಬ ಭಾವದ ಸಾಲಿದೆ.

ಇವನ್ನೆಲ್ಲ ಬಳಸಬೇಕಾ ಎಂದು ನೀವು ಕೇಳಬಹುದು. ಕೇಳಿದಾಗ ಅರ್ಥವಾದರೆ ಸಾಕು. ಬರೆಯುವಾಗ ‘ಫಾರ್ ಎ ವೆರಿ ಲಾಂಗ್ ಟೈಮ್’ ಎಂದರೆ ಯಾರೂ ಕಡಿಮೆ ಎಂದುಕೊಳ್ಳುವುದಿಲ್ಲ. ‘ಫಾರ್’, ‘ಸಿನ್ಸ್’, ‘ಬೈ’, ‘ಅಂಟಿಲ್’ ಸರಿಯಾಗಿ ಕೂತಿರುವ ಸಾದಾ ವಾಕ್ಯ, ಕತ್ತೆ ಹಸು ತುಂಬಿದ ವಾಕ್ಯಕ್ಕಿಂತ ನೂರು ಪಾಲು ಮೇಲು.

ಕೊನೆಯದಾಗಿ, ವಸ್ತುಗಳ ಮೇಲೆ ಅಚ್ಚಾಗಿರುವ ಮಾತುಗಳು. ಇವನ್ನು ತಪ್ಪಾಗಿ ಓದಿದರೆ ಕೈಯಿಂದ ನಷ್ಟವಾಗುತ್ತದೆ. ‘ಬೆಸ್ಟ್ ಬಿಫೋರ್’ ಎಂದಿದ್ದರೆ ಆ ತಾರೀಖಿನ ತನಕ ರುಚಿ, ಹದ ಎಲ್ಲ ಚೆನ್ನಾಗಿರುತ್ತದೆ ಎಂದು ತಯಾರಕರು ಹೇಳುತ್ತಿದ್ದಾರೆ. ಮಾರನೆಯ ದಿನ ಅದು ವಿಷವಾಗುವುದಿಲ್ಲ. ‘ಯೂಸ್ ಬೈ’ ಎಂದಿದ್ದರೆ ವಿಷಯ ಬೇರೆ, ಅದು ಸುರಕ್ಷತೆಯ ಗಡಿ. ವಾಸನೆ ಚೆನ್ನಾಗಿದ್ದರೂ ಆ ದಿನ ದಾಟಿದ ಮೇಲೆ ತಿನ್ನಬಾರದು. ‘ಲೈಫ್‌ಟೈಮ್ ವಾರಂಟಿ’ ಎಂದು ನೋಡಿದರೆ, ಯಾರ ಲೈಫ್ ಎಂದು ಕೇಳಿ. ಬಹಳ ಕಂಪನಿಗಳ ಷರತ್ತಿನಲ್ಲಿ ಅದು ಕೊಂಡವರ ಆಯುಷ್ಯವಲ್ಲ, ಆ ವಸ್ತುವಿನದು. ಆ ವಸ್ತುವಿನ ಆಯುಷ್ಯ ಎಷ್ಟು ವರ್ಷ ಎಂದು ಕಂಪನಿಯೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಹಣ ಕೊಡುವ ಮುಂಚೆ ಆ ಸಾಲನ್ನು ಹುಡುಕಿ ಓದಿ.